ಪಕ್ಕದ ಕುರ್ಚಿಯವರು ಕಲಿಸಿದ ಓರೆ ಅಕ್ಷರ

2003ರ ಮಾತು. ನನ್ನ ಯಜಮಾನರಿಗೆ ಕೊಚ್ಚಿಯ ಬ್ಯಾಂಕಿಗೆ ವರ್ಗವಾಗಿ, ನಾವು ಕಾಸರಗೋಡಿನಿಂದ ತ್ರಿಪ್ಪುಣಿತ್ತುರಕ್ಕೆ ಬಂದು ಎರಡು ವರ್ಷವಾಗಿತ್ತು. ಊರಿನಲ್ಲಿ ನಾನು ಡಿ.ಟಿ.ಪಿ. ಮಾಡುತ್ತಿದ್ದೆ. ಮದುವೆ ಕಾಗದ, ನೋಟಿಸು, ಬಿಲ್‌ಬುಕ್ಕು, ಇಷ್ಟೇ. ಕೊಚ್ಚಿಯಲ್ಲಿ ನಾಲ್ಕು ಕಡೆ ಕೆಲಸ ಕೇಳಿ, ನಾಲ್ಕೂ ಕಡೆ ಇಲ್ಲ ಅನ್ನಿಸಿಕೊಂಡಿದ್ದೆ. ಐದನೆಯದು ಮಕ್ಕಳ ಪುಸ್ತಕ ಮಾಡುವ ಒಂದು ಸಂಸ್ಥೆ. ಕೆಲಸ ಕೊಚ್ಚಿಯ ಪಕ್ಕದ ಕಾಕ್ಕನಾಡಿನಲ್ಲಿ, ಪರೀಕ್ಷೆ ಮಾತ್ರ ತಿರುವನಂತಪುರದಲ್ಲಿ. ಇದೂ ಆಗದಿದ್ದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ಮನೆಯಲ್ಲಿ ಹೇಳಿಯೇ ಬೆಳಗಿನ ರೈಲು ಹತ್ತಿದೆ.

ಇದ್ದದ್ದು ಒಂದೇ ಹುದ್ದೆ, ಬಂದವರು ಆರು ಜನ. ಹೊರಗೆ ಕಾಯುವಾಗ ಸುಕುಮಾರನ್ ಎಂಬವರ ಪರಿಚಯವಾಯಿತು. ಐವತ್ತರ ಹತ್ತಿರದ ವಯಸ್ಸು. ಇಪ್ಪತ್ತೈದು ವರ್ಷ ಅಂಗಡಿಗಳ ಬೋರ್ಡು ಬರೆದವರು. ಕಂಪ್ಯೂಟರ್ ಬೋರ್ಡುಗಳು ಬಂದು ಕುಂಚಕ್ಕೆ ಕೆಲಸವಿಲ್ಲದಾದಾಗ, ತಾವೂ ಕಂಪ್ಯೂಟರ್ ಕಲಿತಿದ್ದರು.

ಒಳಗೆ ಕೊಟ್ಟ ಕೆಲಸ ಇದು: ಕಂಪ್ಯೂಟರಿನಲ್ಲಿ ಒಂದು ಸಾಬೂನಿನ ಪೆಟ್ಟಿಗೆಯ ಚಿತ್ರ ಬರೆಯಬೇಕು, ಅದರ ಎದುರೂ ಪಕ್ಕವೂ ಕಾಣಬೇಕು, ಎರಡರ ಮೇಲೂ ಹೆಸರಿರಬೇಕು. ಸಮಯ ಒಂದು ಗಂಟೆ. ಪೆಟ್ಟಿಗೆಯೇನೋ ಬಂತು. ಪಕ್ಕದ ಮೈ ಓರೆಯಾಗಿ ಹಿಂದಕ್ಕೆ ಹೋಗಿದ್ದರೂ ಅದರ ಮೇಲಿನ ಅಕ್ಷರ ಮಾತ್ರ ನೆಟ್ಟಗೆ ನಿಂತಿತ್ತು. ತಿರುಗಿಸಿದರೆ ಅಕ್ಷರಗಳೆಲ್ಲ ಮಗುಚಿ ಬೀಳುವಂತೆ ಕಂಡವು. ಅರ್ಧ ಗಂಟೆ ಹೀಗೇ ಕಳೆಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು.

ಪಕ್ಕದ ಕುರ್ಚಿಯಲ್ಲಿದ್ದ ಸುಕುಮಾರನ್ ನನ್ನ ಪರದೆ ನೋಡಿರಬೇಕು.

“ಮೋಳೇ, ಆ ಅಕ್ಷರದ ಮೇಲೆ ಇನ್ನೊಂದು ಸಲ ಕ್ಲಿಕ್ ಮಾಡು,” ಎಂದು, ಮಗಳನ್ನು ಕರೆಯುವ ಹಾಗೆ, ಮಲಯಾಳದಲ್ಲಿ ಮೆಲ್ಲನೆ ಹೇಳಿದರು. “ಮೂಲೆ ಬಿಡು. ಬದಿಯ ನಡುವಿನ ಬಾಣ ಹಿಡಿದು ಮೇಲಕ್ಕೆಳೆ.”

ಎಳೆದೆ. ಅಕ್ಷರಗಳು ಓರೆಯಾಗಿ, ಪೆಟ್ಟಿಗೆಯ ಮೈಗೆ ಅಂಟಿಕೊಂಡಂತೆ ಕೂತವು. ನನಗೆ ಕಣ್ಣು ತುಂಬಿ ಬಂತು.

ಆದರೆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಇದು ನನ್ನ ವಿದ್ಯೆಯಲ್ಲವಲ್ಲ ಎಂದು ಮನಸ್ಸು ಚುಚ್ಚತೊಡಗಿತು. ಸಮಯ ಮುಗಿದ ಮೇಲೆ ಪರೀಕ್ಷೆ ನಡೆಸುತ್ತಿದ್ದ ಮೇಡಂ ಹತ್ತಿರ ಹೋಗಿ, ಅಕ್ಷರ ಓರೆ ಮಾಡುವುದು ನನಗೆ ತಿಳಿದಿರಲಿಲ್ಲ, ಪಕ್ಕದ ಕುರ್ಚಿಯವರು ಹೇಳಿಕೊಟ್ಟರು, ತಪ್ಪಿದ್ದರೆ ನನ್ನದೇ ಎಂದೆ. ಮೇಡಂ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕಾಗದದಲ್ಲಿ ಏನೋ ಬರೆದುಕೊಂಡು, ಹೋಗಬಹುದು ಎಂದರು. ನಾನು ಬಾಯಿಬಿಟ್ಟು ಸುಕುಮಾರನ್ ಅವರ ಕೆಲಸವನ್ನೂ ಕಳೆದೆನೇನೋ ಎಂದು ಮರಳುವ ದಾರಿಯುದ್ದಕ್ಕೂ ಹೆದರಿಕೆ. ಅವರ ಫೋನ್ ನಂಬರ್ ಕೂಡ ಕೇಳಿಕೊಂಡಿರಲಿಲ್ಲ.

ಎರಡು ವಾರದ ನಂತರ ಕಾಗದ ಬಂತು. ನಾನು ಆಯ್ಕೆಯಾಗಿರಲಿಲ್ಲ. “ಹೋಗಲಿ, ಸುಳ್ಳು ಹೇಳಿ ಬರಲಿಲ್ಲವಲ್ಲ ನೀನು,” ಎಂದರು ಯಜಮಾನರು.

ಮಳೆಗಾಲ ಶುರುವಾಗುವ ಹೊತ್ತಿಗೆ ಅದೇ ಮೇಡಂ ಫೋನ್ ಮಾಡಿದರು. ಕೆಲಸ ಹೆಚ್ಚಾಗಿದೆ, ಇನ್ನೊಬ್ಬರು ಬೇಕು, ಪರೀಕ್ಷೆಯ ದಿನ ನಿಜ ಹೇಳಿದವರು ನೆನಪಾದರು, ಬರುತ್ತೀರಾ ಎಂದು ಕೇಳಿದರು. ಮಾರನೆಯ ದಿನವೇ ಕಾಕ್ಕನಾಡಿನ ಬಸ್ಸು ಹತ್ತಿದೆ. ಆಫೀಸಿನಲ್ಲಿ ಕಿಟಕಿಯ ಬಳಿ ಕೂತಿದ್ದರು ಸುಕುಮಾರನ್. ಆ ಒಂದು ಹುದ್ದೆ ಅವರಿಗೇ ಸಿಕ್ಕಿತ್ತು.

ಅಂದು ನನಗೇಕೆ ಹೇಳಿಕೊಟ್ಟಿರಿ, ನಾವು ಎದುರಾಳಿಗಳಲ್ಲವೇ ಎಂದು ಕೇಳಿದೆ.

“ಅದನ್ನು ಕಲಿಯಲು ನನಗೆ ಹದಿನೈದು ದಿನ ಬೇಕಾಯಿತು. ನೀನು ಪರದಾಡುವುದನ್ನು ನೋಡಿಕೊಂಡು ಕೂರುವುದು ಹೇಗೆ?” ಎಂದರು.

ಆರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಅವರನ್ನು ಸುಕುಮಾರೇಟ್ಟಾ, ಅಂದರೆ ಸುಕುಮಾರಣ್ಣಾ, ಎಂದು ಕರೆಯುವಾಗ, ಗೊತ್ತಿಲ್ಲದ ಊರಿನಲ್ಲಿ ನನಗೊಬ್ಬ ಅಣ್ಣ ಸಿಕ್ಕಿದನೆಂದೇ ಅನ್ನಿಸುತ್ತಿತ್ತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ.