ಬಲ ಸೀಟಿನ ಅಕ್ಕ

ನನ್ನ ಅಕ್ಕ ವಿಮಾನ ಹಾರಿಸುತ್ತಾಳೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೊಲಿಗೆ ಅಂಗಡಿ ನೋಡುತ್ತಾರೆ. ಅಂಥ ಅಕ್ಕನ ತಂಗಿ ಇನ್ನೂ ಯಾಕೆ ಪ್ಯಾಂಟಿನ ಜಿಪ್ ಬದಲಾಯಿಸುತ್ತ ಕೂತಿದ್ದಾಳೆ ಎಂದು ಅವರಿಗೆ ಅನುಮಾನ. ಅವರಿಗೇನು ಗೊತ್ತು! ವಿಮಾನದ ಮುಂದುಗಡೆ ಎರಡು ಸೀಟು ಇರುತ್ತವೆ. ಎಡಗಡೆ ಕೂರುವವರು ಕ್ಯಾಪ್ಟನ್, ಬಲಗಡೆ ಕೂರುವವರು ಸಹ ಪೈಲಟ್. ಎರಡರ ನಡುವೆ ಒಂದು ಮೊಳ ಜಾಗ ಇದ್ದರೆ ಹೆಚ್ಚು. ಸಂಬಳದಲ್ಲಿ ಮಾತ್ರ ಬಲಗಡೆಗೆ ಒಂದು ಪಾಲಾದರೆ ಎಡಗಡೆಗೆ ಮೂರು ಪಾಲು. ನನ್ನ ಅಕ್ಕ ಬಲಗಡೆಯವಳು.

ಲೈಸೆನ್ಸ್ ಸಿಕ್ಕಾಗ ಅವಳಿಗೆ ಇಪ್ಪತ್ತೊಂಬತ್ತು. ಸೀಟು ಖಾಲಿಯಿಲ್ಲ ಎಂದು ಕಂಪನಿಯವರು ಆರು ವರ್ಷ ಅವಳನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂರಿಸಿ ಬೇರೆಯವರ ಪೆಟ್ಟಿಗೆ ತೂಗಿಸಿದರು. ಕೊನೆಗೆ ಬಲ ಸೀಟು ಸಿಕ್ಕಿದ ದಿನ ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಳು. ಅಕ್ಕನ ಭುಜದ ಪಟ್ಟಿ ಹೊಲಿದವಳು ನಾನೇ. ಬಲಗಡೆಯವರಿಗೆ ಮೂರು ಗೆರೆ, ಕ್ಯಾಪ್ಟನ್‌ಗೆ ನಾಲ್ಕು. ಆ ಮೂರು ಗೆರೆ ಹಾಕಿಕೊಂಡು ಅವಳು ವಿಮಾನದ ಬಾಗಿಲಲ್ಲಿ ನಿಂತರೆ, ಇಳಿಯುವವರು ಖಾಲಿ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಅವಳು ತೆಗೆದುಕೊಳ್ಳುತ್ತಿದ್ದಳು.

"ಬೇಡ ಅಂದ್ರೆ ಅವರಿಗೆ ಮುಜುಗರ ಆಗುತ್ತೆ ಕಣೇ," ಎನ್ನುತ್ತಿದ್ದಳು.

ಊರಿನವರ ಮುಜುಗರವೆಲ್ಲ ಇವಳ ತಲೆಯ ಮೇಲೆ. ಅವಳ ಈ ಗುಣವನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಮೆಚ್ಚಿಕೊಂಡಿದ್ದು ಮಾತ್ರ ಯಾವತ್ತೂ ಇಲ್ಲ.

ಎಡ ಸೀಟಿಗೆ ಹೋಗಬೇಕಾದರೆ ದೊಡ್ಡ ಲೈಸೆನ್ಸ್ ಬೇಕು. ಅದಕ್ಕೆ ಸಾವಿರದ ಐನೂರು ಗಂಟೆಗಳ ಹಾರಾಟ ಬೇಕು. ಸರಿ, ಹಾರಿಸಿದರಾಯಿತು ಎನ್ನುತ್ತೀರಿ. ಇಲ್ಲೇ ಇರುವುದು ಕಿತಾಪತಿ. ಬಲ ಸೀಟಿನಲ್ಲಿ ಕೂತು ನಲವತ್ತೆಂಟು ಜನರನ್ನು ಒಂದು ಗಂಟೆ ಹೊತ್ತುಕೊಂಡು ಹೋದರೆ ಲೆಕ್ಕಕ್ಕೆ ಬರುವುದು ಅರ್ಧ ಗಂಟೆ. ಅದೇ ಯಾರಾದರೂ ಪುಟ್ಟ ವಿಮಾನದಲ್ಲಿ ಒಬ್ಬನೇ ಕೂತು ಖಾಲಿ ಬಯಲಿನ ಮೇಲೆ ಗಿರಕಿ ಹೊಡೆದರೆ ಒಂದು ಗಂಟೆಗೆ ಒಂದು ಗಂಟೆ ಪೂರ್ತಿ. ಈ ನಿಯಮ ಬರೆದ ಪುಣ್ಯಾತ್ಮನನ್ನು ನಾನು ಒಮ್ಮೆ ನೋಡಬೇಕು.

ಅದಕ್ಕೊಂದು ಕಿಂಡಿಯೂ ಇತ್ತು. ಕ್ಯಾಪ್ಟನ್ ತಾನು ಸುಮ್ಮನೆ ನೋಡಿಕೊಂಡು, ಹೊರಡುವುದರಿಂದ ಇಳಿಯುವವರೆಗೆ ಎಲ್ಲವನ್ನೂ ಬಲಗಡೆಯವರ ಕೈಗೆ ಬಿಟ್ಟು, 'ಇವರೇ ಹಾರಿಸಿದರು' ಎಂದು ಅವರು ಗಂಟೆ ಬರೆದಿಡುವ ಲಾಗ್ ಪುಸ್ತಕದಲ್ಲಿ ಸಹಿ ಹಾಕಿದರೆ ಆ ಗಂಟೆ ಪೂರ್ತಿ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಸಹಿ ಕೇಳುವುದು ಹೇಗೆ? ಪುಸ್ತಕ ಚಾಚಿದರೆ ಕ್ಯಾಪ್ಟನ್ ಮಾತಿನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಮಾವನ ಮನೆಯಲ್ಲಿ ಉಂಡು ಕೈ ತೊಳೆಯುತ್ತಲೇ ರಸೀದಿ ಕೇಳಿದ ಹಾಗೆ ಎಂದು ಅಕ್ಕ ನಗುತ್ತ ಹೇಳುತ್ತಿದ್ದಳು. ಆಗ ನಾನೂ ನಕ್ಕಿದ್ದೆ.

ಅವಳಿಗೆ ಸಿಕ್ಕ ಕ್ಯಾಪ್ಟನ್‌ಗೆ ಎಲ್ಲರೂ 'ಯಜಮಾನರು' ಎನ್ನುತ್ತಿದ್ದರು. ಇಪ್ಪತ್ತು ಸಾವಿರ ಗಂಟೆ ಹಾರಿದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರು ಅಕ್ಕನನ್ನು "ಮಗಳೇ" ಎಂದು ಕರೆದು ವಾರದಲ್ಲಿ ನಾಲ್ಕಾರು ಸಲ ವಿಮಾನವನ್ನು ಅವಳ ಕೈಗೇ ಬಿಡುತ್ತಿದ್ದರು. ಅಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು. ಎರಡು ಸಲ ಪುಸ್ತಕ ಮುಂದೆ ಹಿಡಿದಳಂತೆ. "ಆಮೇಲೆ ಒಟ್ಟಿಗೇ ಹಾಕ್ತೀನಮ್ಮಾ, ನಾನೆಲ್ಲಿ ಓಡಿಹೋಗ್ತೀನಿ?" ಎಂದರಂತೆ. ಮೂರನೇ ಸಲ ಇವಳು ಕೇಳಲಿಲ್ಲ. ಅವರ ಜೊತೆ ಹಾಗೆ ಹಾರಿಸಿದ ನಾನೂರು ಗಂಟೆಗಳೂ ಇವಳ ದುಂಡು ಅಕ್ಷರದಲ್ಲಿ, ಸಹಿಯ ಜಾಗ ಖಾಲಿಯಾಗಿಯೇ ಉಳಿದವು. ಯಜಮಾನರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಮರುವಾರವೇ ಪೈಲಟ್ ತರಬೇತಿ ಶಾಲೆಯೊಂದು ಅವರನ್ನು ಕರೆದು ಪ್ರಿನ್ಸಿಪಾಲರ ಕುರ್ಚಿ ಕೊಟ್ಟಿತು.

ಅದಾದ ಮೇಲೆ ಎಡ ಸೀಟು ಒಂದು ಖಾಲಿಯಾಯಿತು. ಅಕ್ಕ ಎಲ್ಲ ಕೂಡಿಸಿದಳು. ಅರ್ಧರ್ಧ ಹಿಡಿದು ಸಾವಿರದ ಮುನ್ನೂರ ಇಪ್ಪತ್ತು ಗಂಟೆ ಬಂತು. ಇನ್ನು ಎಂಟು ತಿಂಗಳು ಹಾರಿದ್ದರೆ ತಾನಾಗಿಯೇ ಭರ್ತಿಯಾಗುತ್ತಿತ್ತು. ಆದರೆ ದೊಡ್ಡ ಲೈಸೆನ್ಸಿಗೆಂದು ಅವಳು ಬರೆದು ಪಾಸಾದ ಪರೀಕ್ಷೆಗಳಿಗೆ ಐದು ವರ್ಷದ ಅವಧಿ. ಅದು ಮೂರು ತಿಂಗಳಲ್ಲಿ ಮುಗಿಯುತ್ತಿತ್ತು. ಮುಗಿದರೆ ನಲವತ್ತನೇ ವಯಸ್ಸಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಬರೆಯಬೇಕು, ಸೀಟಂತೂ ಕೈಬಿಟ್ಟ ಹಾಗೆಯೇ. ಯಜಮಾನರ ಸಹಿ ಬಿದ್ದರೆ ಇನ್ನೂರು ಗಂಟೆ ಕೂಡುತ್ತಿತ್ತು. ತಡವಾಗಿ ಹಾಕಿದ ಸಹಿಯನ್ನೂ ಲೈಸೆನ್ಸ್ ಕೊಡುವ ಕಚೇರಿಯವರು ಒಪ್ಪುತ್ತಾರಂತೆ.

"ನೀನೂ ಬಾರೇ, ಒಬ್ಬಳೇ ಹೋಗೋಕೆ ಹೇಗೋ ಆಗುತ್ತೆ," ಎಂದಳು ಅಕ್ಕ. ಅಂಗಡಿ ಮುಚ್ಚಿ ಹೋದೆ.

ಯಜಮಾನರ ಹೆಂಡತಿ ಚಹಾ ಕೊಟ್ಟು, "ನಿನ್ನ ವಿಷಯ ಎಷ್ಟು ಹೇಳ್ತಿರ್ತಾರೆ ಗೊತ್ತಾ!" ಎಂದರು. ಗೋಡೆ ತುಂಬ ವಿಮಾನಗಳ ಪಟ, ಪ್ರಶಸ್ತಿಗಳು. ಅಕ್ಕ ಪುಸ್ತಕ ತೆರೆದು ಮೇಜಿನ ಮೇಲಿಟ್ಟು ಪೆನ್ನನ್ನೂ ಪಕ್ಕದಲ್ಲೇ ಇಟ್ಟಳು. ಯಜಮಾನರು ಪುಸ್ತಕವನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ದಪ್ಪ ಕನ್ನಡಕದ ಹಿಂದಿನ ಕಣ್ಣು ಸಾಲಿನಿಂದ ಸಾಲಿಗೆ ತಡಕಾಡುತ್ತಿದ್ದುದು ನನಗೇ ಕಂಡಿತು.

"ಇಷ್ಟೊಂದಾ?" ಎಂದರು.

"ಹೌದು ಸರ್. ಎರಡು ವರ್ಷದ್ದು."

"ನೋಡಮ್ಮಾ, ಇದಕ್ಕೆ ಸಹಿ ಹಾಕಿದ್ರೆ, ಎರಡು ವರ್ಷ ನಾನು ಕೈ ಕಟ್ಟಿ ಕೂತಿದ್ದೆ ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತೆ. ಅಷ್ಟು ಅನುಭವ ಇರೋನು ಯಾಕೆ ಕೂತಿದ್ದ ಅಂತ ಕೇಳ್ತಾರೆ. ಈಗ ನಂದೊಂದು ಕುರ್ಚಿ ಇದೆ."

"ಯಾಕೆ ಅಂತ ನನಗೆ ಗೊತ್ತು ಸರ್," ಎಂದಳು ಅಕ್ಕ ಮೆಲ್ಲಗೆ. "ಕೊನೇ ಎರಡು ವರ್ಷ ನಿಮಗೆ ರನ್‌ವೇ ಸರಿಯಾಗಿ ಕಾಣ್ತಿರಲಿಲ್ಲ."

ಅವರ ಹೆಂಡತಿ ಎದ್ದು ಒಳಗೆ ಹೋದರು. ಯಜಮಾನರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೌದು ಮಗಳೇ. ಆದ್ರೆ ಅದನ್ನ ಬಾಯಿಬಿಟ್ರೆ ಅವರು ಮೊದಲು ಕೇಳೋದು ನಿನ್ನನ್ನೇ. ಗೊತ್ತಿದ್ದೂ ಎರಡು ವರ್ಷ ಯಾಕೆ ಸುಮ್ಮನಿದ್ದೆ? ಹಿಂದೆ ನಲವತ್ತೆಂಟು ಜನ ಕೂತಿರ್ತಿದ್ರಲ್ಲಮ್ಮಾ. ನನ್ನ ಕುರ್ಚಿ ಹೋಗುತ್ತೆ, ನಿನ್ನ ಲೈಸೆನ್ಸೂ ಹೋಗುತ್ತೆ. ಬೇಕಿದ್ರೆ ಒಂದು ಒಳ್ಳೇ ಪತ್ರ ಬರೆದುಕೊಡ್ತೀನಿ."

ಪತ್ರ ಬರೆದುಕೊಟ್ಟರು ಕೂಡ. ವಿಧೇಯಳು, ಶಿಸ್ತಿನವಳು, ನಗುಮುಖದವಳು ಎಂದಿತ್ತು ಅದರಲ್ಲಿ. ವಿಮಾನ ಹಾರಿಸಬಲ್ಲಳು ಎಂದು ಒಂದು ಕಡೆಯೂ ಇರಲಿಲ್ಲ. ಅಕ್ಕ ಅದನ್ನು ಮಡಚಿ ಇಟ್ಟುಕೊಂಡು, ಬರುವಾಗ ಅವರ ಕಾಲಿಗೆ ನಮಸ್ಕಾರವನ್ನೂ ಮಾಡಿದಳು!

ಬಸ್ ನಿಲ್ದಾಣದಲ್ಲಿ ನನಗೆ ತಡೆಯಲಾಗಲಿಲ್ಲ. "ಆಗಲೇ ಯಾಕೆ ಹೇಳಲಿಲ್ಲ ನೀನು? ಒಂದು ಮಾತು ಹೇಳಿದ್ರೆ ಅವರು ಮನೇಲಿ ಕೂರ್ತಿದ್ರು. ಮರ್ಯಾದೆ, ಮುಜುಗರ ಅಂತ ಇದನ್ನೂ ನುಂಗಿಕೊಂಡ್ಯಾ?"

ಅಕ್ಕ ಬಸ್ಸು ಬರುವ ಕಡೆ ನೋಡುತ್ತ, "ಮರ್ಯಾದೆಗಲ್ಲ ಕಣೇ," ಎಂದಳು. "ಅವರು ಮನೇಲಿ ಕೂತ್ರೆ ನನಗೆ ಹಾರಿಸೋಕೆ ಯಾರು ಬಿಡ್ತಿದ್ರು? ಬೇರೆ ಕ್ಯಾಪ್ಟನ್‌ಗಳು ತಿಂಗಳಿಗೆ ಒಂದು ಸಲ ಕೊಟ್ರೆ ಹೆಚ್ಚು. ಅವರಿಗೆ ಕಣ್ಣು ಕಾಣದೇ ಇದ್ದದ್ದು ನನಗೆ ಬೇಕಾಗಿತ್ತು."

ಆ ವಿಮಾನದಲ್ಲಿ ಎಷ್ಟೋ ಸಲ ನಮ್ಮ ಅಮ್ಮನೂ ಕೂತಿದ್ದಳು. ಅಕ್ಕನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಮೂರು ತಿಂಗಳು ಕಳೆಯಿತು, ಪರೀಕ್ಷೆಗಳ ಅವಧಿ ಮುಗಿಯಿತು. ಎಡ ಸೀಟು ಇಪ್ಪತ್ತಾರು ವರ್ಷದ ಹುಡುಗನೊಬ್ಬನ ಪಾಲಾಯಿತು. ಅಕ್ಕನಿಗಿಂತ ಎರಡು ವರ್ಷ ತಡವಾಗಿ ಬಲ ಸೀಟಿಗೆ ಬಂದವನು. ಅವನ ಅಪ್ಪನಿಗೆ ಸ್ವಂತ ಪುಟ್ಟ ವಿಮಾನವಿದೆ. ಓದುವಾಗಲೇ ಅದರಲ್ಲಿ ರಜೆಯಿಡೀ ಒಬ್ಬನೇ ಸುತ್ತಿ ಗಂಟೆ ಗುಡ್ಡೆ ಹಾಕಿಕೊಂಡಿದ್ದ, ಒಂದೊಂದೂ ಪೂರ್ತಿ ಲೆಕ್ಕದ್ದು. ನಾಲ್ಕು ಗೆರೆಯ ಪಟ್ಟಿ ಹೊಲಿಸಲು ನನ್ನ ಅಂಗಡಿಗೇ ಬಂದ. ನಾನು ಯಾರ ತಂಗಿ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪಾಪ, ಬರುತ್ತಿರಲಿಲ್ಲ. ಕೆಟ್ಟವನಲ್ಲ ಅವನು. ಅದೇ ನನಗೆ ಇನ್ನೂ ಕಷ್ಟ. ಬೈಯಲು ಒಬ್ಬ ಸರಿಯಾದ ಮನುಷ್ಯನಾದರೂ ಬೇಡವೇ?

ಅಕ್ಕ ಮತ್ತೆ ಪರೀಕ್ಷೆಯ ಪುಸ್ತಕ ಹಿಡಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಹವಾಮಾನದ ನಕ್ಷೆ ಹರಡಿಕೊಂಡು ಬೆಳಿಗ್ಗೆ ಓದುತ್ತಾಳೆ. ಭಾವ ಕಷ್ಟಪಟ್ಟು ತಮಾಷೆ ಮಾಡುತ್ತಾರೆ: "ನಮ್ಮ ಮಗಳು, ನಿಮ್ಮಕ್ಕ, ಇಬ್ಬರಿಗೂ ಈ ವರ್ಷ ಪರೀಕ್ಷೆ." ಯಾರೂ ನಗುವುದಿಲ್ಲ.

ಹೋದ ವಾರ ಮಧ್ಯಾಹ್ನ ಅಕ್ಕ ಸಮವಸ್ತ್ರದಲ್ಲೇ ನೇರ ನನ್ನ ಅಂಗಡಿಗೆ ಬಂದಳು. ಆ ಹುಡುಗ ಮೊದಲ ಸಲ ಇವಳ ಜೊತೆ ಕ್ಯಾಪ್ಟನ್ ಆಗಿ ಹೋಗಿದ್ದನಂತೆ. "ಮೇಡಂ, ಈ ದಾರಿ ನಿಮಗೇ ಚೆನ್ನಾಗಿ ಗೊತ್ತು, ನೀವೇ ಹಾರಿಸಿ," ಎಂದು ಎಲ್ಲವನ್ನೂ ಇವಳಿಗೇ ಬಿಟ್ಟನಂತೆ. ಇಳಿಸಿ, ಎಂಜಿನ್ ನಿಲ್ಲಿಸಿ, ಇವಳು ಲಾಗ್ ಪುಸ್ತಕ ಮುಂದೆ ಹಿಡಿದಳಂತೆ.

"ಏನಂದ?" ಎಂದೆ.

"ಏನೂ ಅನ್ನಲಿಲ್ಲ. 'ಎಲ್ಲಿ ಮೇಡಂ, ಇಲ್ಲೇನಾ?' ಅಂದ. ತೊಡೆ ಮೇಲಿಟ್ಕೊಂಡು ಹಾಕಿಕೊಟ್ಟ. ಒಂದು ಕೈಯಲ್ಲಿ ಬೆಲ್ಟ್ ಬಿಚ್ತಾನೇ ಇದ್ದ. ಎರಡು ಸೆಕೆಂಡೂ ಆಗಲಿಲ್ಲ ಕಣೇ."

ಪುಸ್ತಕ ತೆರೆದು ತೋರಿಸಿದಳು. ಅವಸರದಲ್ಲಿ ಗೀಚಿದ ಸಹಿ, ಮೇಲಿನ ಸಾಲಿಗೂ ಸ್ವಲ್ಪ ತಾಗಿತ್ತು.

"ಒಂದು ಗಂಟೆ ಹತ್ತು ನಿಮಿಷ," ಎಂದಳು ಅಕ್ಕ, "ಪೂರ್ತಿ." ಆಮೇಲೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು, ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಗಮನಿಸದೆ, ಬಿಕ್ಕಿ ಬಿಕ್ಕಿ ಅತ್ತಳು.