ಮಧ್ಯಾಹ್ನದ ರೀಡಿಂಗು

ದಬ್ಬೇಘಟ್ಟದ ಹುಚ್ಚರಂಗಯ್ಯನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಹನ್ನೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ತೋಟದವರ ಮನೆಯ ಅಟ್ಟ ಹತ್ತುವುದು, ವರ್ಷವಿಡೀ ಒಣಗಲು ಬಿಟ್ಟ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು. ಬಿಟ್ಟಿದ್ದರೆ ಲೊಡಲೊಡ ಎನ್ನುತ್ತದೆ. ಸದ್ದಿಲ್ಲದ ಕಾಯಿ ಮತ್ತೆ ಅಟ್ಟಕ್ಕೆ. ಜೊತೆಯವರು ನಾಲ್ಕಕ್ಕೆ ಒಂದನ್ನು ಅಲ್ಲಾಡಿಸಿ ಮಿಕ್ಕವನ್ನು ಅಂದಾಜಿನಲ್ಲಿ ಬುಟ್ಟಿಗೆ ಎಸೆಯುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳವಾಡಿ ಜಗಳವಾಡಿ, ಕೊನೆಗೆ ಯಾರೂ ಅವನನ್ನು ಅಟ್ಟಕ್ಕೆ ಕರೆಯದ ಹಾಗಾಯಿತು.

ಹಾಗಾಗಿ ಎಂಬತ್ಮೂರನೇ ಇಸವಿಯಲ್ಲಿ ಅವನೂ ಹೆಂಡತಿ ಭೂತಮ್ಮನೂ ಕಿಬ್ಬನಹಳ್ಳಿಯ ಹತ್ತಿರದ ಪೈಪಿನ ಕ್ಯಾಂಪು ಸೇರಿದರು. ಊರಿಗೆ ನೀರು ತರುವ ದೊಡ್ಡ ಕಬ್ಬಿಣದ ಪೈಪು ಹೊಲಗಳ ನಡುವೆ ಹಾದುಹೋಗುತ್ತಿತ್ತು. ಭೂತಮ್ಮ ಮಣ್ಣು ಹೊರುವ ಹನ್ನೊಂದು ಹೆಂಗಸರ ಗುಂಪಿನಲ್ಲಿ. ಏಳನೇ ಕ್ಲಾಸು ಓದಿದ್ದ ಹುಚ್ಚರಂಗಯ್ಯ ಸ್ಟೋರಿನಲ್ಲಿ.

ಸ್ಟೋರಿನಲ್ಲಿ ಗುಂಡಿ ತೋಡಿ, ಬೀಗ ಹಾಕಿ ಇಡುತ್ತಿದ್ದ ಒಂದು ಪೆಟ್ಟಿಗೆ ಇತ್ತು. ಗಾತ್ರ ಚಿಕ್ಕದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರೊಳಗೆ ಅಕ್ಕಿಕಾಳಿನಷ್ಟು ಲೋಹದ ಚೂರು, ಅದರಿಂದ ಕಣ್ಣಿಗೆ ಕಾಣದ ವಿಕಿರಣ. ಪೈಪಿನ ಬೆಸುಗೆಗೆ ಒಂದು ಟ್ಯೂಬು ಕಟ್ಟಿ, ಪೆಟ್ಟಿಗೆಯಿಂದ ಆ ಚೂರನ್ನು ತಂತಿಯಲ್ಲಿ ಟ್ಯೂಬಿನ ತುದಿಗೆ ತಳ್ಳಿದರೆ, ಬೆಸುಗೆಯ ಒಳಗಿನ ಬಿರುಕು ಹಿಂಬದಿಗಿಟ್ಟ ಫಿಲ್ಮಿನಲ್ಲಿ ಮೂಡುತ್ತದೆ. ಆಮೇಲೆ ಚೂರನ್ನು ವಾಪಸ್ಸು ಪೆಟ್ಟಿಗೆಯೊಳಕ್ಕೆ ಎಳೆದುಕೊಳ್ಳಬೇಕು. ಪೆಟ್ಟಿಗೆಯೊಳಗೆ ಇರುವವರೆಗೆ ಅದು ಸಾಧು. ಹೊರಗೆ ಉಳಿದರೆ ಹತ್ತಿರ ಕೂತವರ ರಕ್ತವನ್ನೇ ಕೆಡಿಸುತ್ತದೆ.

ಇದನ್ನೆಲ್ಲ ಹುಚ್ಚರಂಗಯ್ಯನಿಗೆ ಹೇಳಿಕೊಟ್ಟವನು ಬೊಂಬಾಯಿಯ ಟೆಕ್ನಿಷಿಯನ್. ಪೆಟ್ಟಿಗೆ ಬೆಳಿಗ್ಗೆ ಹೊರಡುವಾಗ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಒಳಗಿಡುವಾಗ, ದಿನಕ್ಕೆ ಮೂರು ಸಲ ಅದರ ಪಕ್ಕಕ್ಕೆ ವಿಕಿರಣ ಅಳೆಯುವ ಮೀಟರು ಹಿಡಿದು ಮುಳ್ಳು ನೋಡಬೇಕು, ಸ್ಟೋರಿನ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಎಲ್ಲ ಸರಿಯಿದ್ದರೆ ಮುಳ್ಳು ಎರಡರ ಮೇಲೆ ನಿಲ್ಲುತ್ತದೆ. ಇಷ್ಟು ಹೇಳಿ, ತಂಗಿಯ ಮದುವೆ ಎಂದು ಅವನು ಊರಿಗೆ ಹೋದವನು ತಿಂಗಳಾದರೂ ಬರಲಿಲ್ಲ. ಅವನ ಜಾಗಕ್ಕೆ ಸೂಪರ್‌ವೈಸರ್ ಬಸವರಾಜಪ್ಪ ವೆಲ್ಡರ್ ಈರಣ್ಣನನ್ನು ನಿಲ್ಲಿಸಿದ. ಈರಣ್ಣ ಒಳ್ಳೆಯ ಕೈಯವನೇ. ಆದರೆ ಬರೆಯುವುದೆಂದರೆ ಅವನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಪ್ರತಿ ಬೆಸುಗೆಯ ಫೋಟೋ ಆದಮೇಲೂ ಮೀಟರು ಹಿಡಿದು, ಹೊತ್ತು ಹಾಕಿ ಬೇರೊಂದು ಪುಸ್ತಕದಲ್ಲಿ ಬರೆಯಬೇಕಿದ್ದುದು ಈರಣ್ಣ. ಅವನು ಮೀಟರನ್ನು ಸ್ಟೋರಿನಲ್ಲೇ ಬಿಟ್ಟು ಹೋಗುತ್ತಿದ್ದ. ಅಂಗಿಗೆ ಸಿಕ್ಕಿಸಿಕೊಳ್ಳಬೇಕಾದ ಬಿಲ್ಲೆ ಸ್ಟೋರಿನ ಮೊಳೆಗೆ ನೇತಾಡುತ್ತಿತ್ತು. ಮೈಗೆ ಎಷ್ಟು ವಿಕಿರಣ ತಾಗಿತೆಂದು ಬೊಂಬಾಯಿಯವರು ತಿಳಿಯುವುದು ಆ ಬಿಲ್ಲೆಯಿಂದಲೇ. ಹುಚ್ಚರಂಗಯ್ಯ ಬಸವರಾಜಪ್ಪನಿಗೆ ಹೇಳಿದ, ಈರಣ್ಣನಿಗೆ ಹೇಳಿದ, ಚೀಟಿ ಬರೆದುಕೊಟ್ಟ, ಗಂಟಲು ಹರಿದುಕೊಂಡ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಈರಣ್ಣ ಪೆಟ್ಟಿಗೆ ತಂದಿಟ್ಟ. ಟ್ಯೂಬನ್ನು ಪೈಪಿಗೆ ಕಟ್ಟಿದ ಹಾಗೆಯೇ ಬಿಟ್ಟು ಬಂದಿದ್ದ. ಹುಚ್ಚರಂಗಯ್ಯ ಅವನ ಪುಸ್ತಕ ಕಿತ್ತುಕೊಂಡು ನೋಡಿದರೆ ಶನಿವಾರದವರೆಗೆ ಎಲ್ಲಾ ಕಾಲಂನಲ್ಲೂ ಎರಡು, ಎರಡು, ಎರಡು. ಇನ್ನೂ ಬಾರದ ದಿನಕ್ಕೂ ಎರಡು.

"ಲೇ ಈರಣ್ಣ, ನಾಳೆ ನಾಡಿದ್ದಿಂದೂ ಇವತ್ತೇ ಬರ್ದಿದ್ದೀಯಲ್ಲಾ. ಏನು ಶಾಸ್ತ್ರ ಹೇಳೋನೇನ್ಲಾ ನೀನು?"

"ದಿನಾ ಎರಡೇ ಬರೋದು ಕಣಣ್ಣ. ನೋಡಿ ಬರುದ್ರೂ ಎರಡೇ, ನೋಡ್ದೆ ಬರುದ್ರೂ ಎರಡೇ."

"ನೋಡ್ದೆ ಬರಿಯೋದಾದ್ರೆ ಈ ಪುಸ್ತಕ ಯಾಕ್ಲಾ ಬೇಕು? ಒಲೆಗಾಕು."

ಬೈಗುಳ ಹದಿನೈದು ನಿಮಿಷ ನಡೆಯಿತು. ಬೈಯುತ್ತಲೇ ಹುಚ್ಚರಂಗಯ್ಯ ತನ್ನ ಪುಸ್ತಕ ತೆರೆದ, ಮಧ್ಯಾಹ್ನದ ಕಾಲಂ ತುಂಬಿದ, ರುಜು ಹಾಕಿದ, ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಈರಣ್ಣ ಮುಖ ಊದಿಸಿಕೊಂಡು ಊಟಕ್ಕೆ ಹೋದ.

ಅತ್ತ ಹೆಂಗಸರು ಆ ಟ್ಯೂಬಿನ ಪಕ್ಕದಲ್ಲೇ, ಪೈಪಿನ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಆ ಬಯಲಿನಲ್ಲಿ ನೆರಳೆಂದರೆ ಪೈಪಿನದೊಂದೇ. ಒಂದೂವರೆಗೆ ಎದ್ದು, ಬುತ್ತಿಯ ಪಾತ್ರೆಗಳನ್ನು ಅಲ್ಲೇ ಬಿಟ್ಟು, ದೂರದ ತುದಿಗೆ ಮಣ್ಣು ಹೊರಲು ಹೋದರು. ಆ ಮಧ್ಯಾಹ್ನ ಈರಣ್ಣ ಮಾಡಿದ್ದು ಒಂದೇ ಫೋಟೋ, ನಾಲ್ಕು ಗಂಟೆಯ ಹೊತ್ತಿಗೆ, ಅದೇ ಜಾಗದಲ್ಲಿ. ಬಿಚ್ಚಲು ಬೇಜಾರಾಗಿ ಟ್ಯೂಬನ್ನೂ ಫಿಲ್ಮನ್ನೂ ಹಾಗೇ ಬಿಟ್ಟು, ಐದಕ್ಕೆ ಪೆಟ್ಟಿಗೆ ತಂದಿಟ್ಟ.

ಹುಚ್ಚರಂಗಯ್ಯ ಮೀಟರು ಹಿಡಿದ. ಮುಳ್ಳು ಸೊನ್ನೆಯಲ್ಲಿತ್ತು. ಬ್ಯಾಟರಿ ನೋಡುವ ಗುಂಡಿ ಒತ್ತಿದ, ಸರಿಯಾಗಿಯೇ ಇತ್ತು. ಮತ್ತೆ ಹಿಡಿದ. ಸೊನ್ನೆ.

ಬಸವರಾಜಪ್ಪ ಕುರ್ಚಿಯಿಂದ ಏಳಲೂ ಇಲ್ಲ. "ಕಮ್ಮಿ ಬಂದ್ರೆ ಒಳ್ಳೇದಲ್ವೇನಯ್ಯ ರಂಗಯ್ಯ? ಜಾಸ್ತಿ ಬಂದ್ರೆ ಬಂದು ಹೇಳು."

"ಸಾರ್, ಒಳಗೆ ಸಾಮಾನಿದ್ರೆ ಎರಡಾದ್ರೂ ತೋರ್ಸಬೇಕು. ಏನೂ ತೋರುಸ್ತಿಲ್ಲ ಅಂದ್ರೆ ಅದು ಒಳಗಿಲ್ಲ ಅಂತ. ಸದ್ದೇ ಮಾಡ್ದಿರೋ ಕಾಯ್ನ ಕೊಬ್ರಿ ಆಗದೆ ಅಂತ ಹೊಡೀತೀರಾ ನೀವು?"

"ತೆಂಗಿನಕಾಯಿಗೂ ಇದಕ್ಕೂ ಏನಯ್ಯ ಸಂಬಂಧ? ತಿಂಗಳ ಕೊನೇಲಿ ಆ ಪುಸ್ತಕ ಬೊಂಬಾಯಿಗೆ ಹೋಗ್ಬೇಕು. ಎರಡು ಅಂತ ಬರ್ದು ಬೀಗ ಹಾಕು."

ಹುಚ್ಚರಂಗಯ್ಯ ಅವನ ಕಣ್ಣೆದುರಿಗೇ ದಪ್ಪಗೆ ಸೊನ್ನೆ ಬರೆದ. ಮೀಟರನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಪೈಪಿನ ಸಾಲು ಇನ್ನೂ ದೂರದಲ್ಲಿರುವಾಗಲೇ ಮುಳ್ಳು ಏಳತೊಡಗಿತು. ಇನ್ನೊಂದಿಷ್ಟು ಮುಂದೆ ಹೋದರೆ ಕೊನೆಯ ಗೆರೆಗೆ ಹೋಗಿ ಬಡಿಯಿತು. ಆಚೆ ಕಡೆಯಿಂದ ಹೆಂಗಸರು ಕೆಲಸ ಮುಗಿಸಿ ಪಾತ್ರೆ ತೆಗೆದುಕೊಳ್ಳಲು ಪೈಪಿನ ಕಡೆಗೇ ಬರುತ್ತಿದ್ದರು. ಅವನು ಸೈಕಲ್ ಎಸೆದು, ಬಳಸಿಕೊಂಡು ಓಡಿ, ಎರಡೂ ಕೈ ಚಾಚಿ ಅಡ್ಡ ನಿಂತ.

"ಏನಾಗದೆ ನಿಂಗೆ? ನಮ್ಮ ಪಾತ್ರೆ ನಾವು ತಗಳಾದೂ ಬ್ಯಾಡ್ವಾ?" ಎಂದಳು ಭೂತಮ್ಮ.

"ಪಾತ್ರೆ ಅಲ್ಲೇ ಸಾಯ್ಲಿ. ಒಂದು ಹೆಜ್ಜೆ ಮುಂದಕ್ಕಿಟ್ರೆ ನೋಡು" ಎಂದು ಅವನು ಗದರಿದ. ಅವರು ಗೊಣಗುತ್ತ ಹಿಂದೆ ಸರಿದರು.

ತಂತಿಯ ತುದಿಯಿಂದ ಕಳಚಿಕೊಂಡ ಚೂರು ಟ್ಯೂಬಿನಲ್ಲೇ ಉಳಿದಿತ್ತು. ಮೀಟರಿನ ಮುಳ್ಳು ತೋರಿಸಿದ ಮೇಲೆ ಬಸವರಾಜಪ್ಪನ ಮುಖ ಬಿಳಿಚಿತು. ಬೊಂಬಾಯಿಗೆ ಟೆಲಿಗ್ರಾಂ ಹೋಯಿತು. ಅಲ್ಲಿಂದ ಜನ ಬರಲು ಮೂರು ದಿನ ಬೇಕಾಯಿತು. ಆ ಮೂರು ದಿನವೂ ಹುಚ್ಚರಂಗಯ್ಯ ದೂರದಲ್ಲಿ ಸುತ್ತಲೂ ಹಗ್ಗ ಕಟ್ಟಿ, ಮುಳ್ಳಿನ ಕೊಂಬೆ ಹಾಕಿ ಕಾದ. ದನ ಓಡಿಸಿದ, ಕುರಿಯವರನ್ನು ತಿರುಗಿಸಿದ. ಕೆಲಸ ನಿಂತಿತೆಂದು ಬೈದ ಗುತ್ತಿಗೆದಾರನ ಕಡೆಯವರಿಗೆ ಎರಡರಷ್ಟು ಬೈದ. ಮೊಳೆಗೆ ನೇತಾಡುತ್ತಿದ್ದ ಆ ಬಿಲ್ಲೆಯನ್ನು ನೆನೆದಾಗಲೆಲ್ಲ ಹಲ್ಲು ಕಡಿದ.

ಭೂತಮ್ಮ ಊಟ ತಂದಾಗ ಒಂದು ಮಾತು ಕೇಳಿದಳು. "ನಾವು ಮದ್ಯಾನ ಅಲ್ಲೇ ಕುಂತು ಉಂಡ್ವಲ್ಲ. ಆಗ ಅದು ಪೆಟ್ಗೇಲಿತ್ತಾ, ಟ್ಯೂಬಲ್ಲಿತ್ತಾ?"

"ಪುಸ್ತಕದಲ್ಲಿ ಎರಡು ಅಂತ ಅದೆ" ಎಂದು ಅವನು ತಟ್ಟೆಯ ಕಡೆ ನೋಡಿದ.

ನಾಲ್ಕನೆಯ ದಿನ ಬಂದವರು ಉದ್ದದ ಇಕ್ಕಳದಲ್ಲಿ ಚೂರನ್ನು ಹಿಡಿದು ಸೀಸದ ಪಾತ್ರೆಗೆ ಹಾಕಿದರು. ಅವರೊಂದಿಗೆ ಬಂದಿದ್ದ ಮೈಸೂರು ಕಡೆಯ ಡಾಕ್ಟರಮ್ಮ ಸ್ಟೋರಿನ ಮೇಜಿನ ಮುಂದೆ ಕೂತು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು: ಚೂರು ಕಳಚಿದ್ದು ಊಟಕ್ಕೆ ಮುಂಚೆಯೋ, ನಾಲ್ಕು ಗಂಟೆಗೋ? ನಾಲ್ಕಕ್ಕೆ ಎಂದಾದರೆ ಈರಣ್ಣನೊಬ್ಬನ ತಪಾಸಣೆ ಸಾಕು. ಊಟಕ್ಕೆ ಮುಂಚೆ ಎಂದಾದರೆ ಹನ್ನೊಂದು ಹೆಂಗಸರು ಅರ್ಧ ಗಂಟೆ ಅದರ ಪಕ್ಕದಲ್ಲೇ ಕೂತಿದ್ದಾರೆ. ಫಿಲ್ಮು ನಾಲ್ಕು ದಿನ ಅಲ್ಲೇ ಇದ್ದು ಪೂರಾ ಕಪ್ಪಾಗಿತ್ತು. ಈರಣ್ಣನ ಪುಸ್ತಕವನ್ನು ಅವರು ಒಂದು ಸಲ ನೋಡಿ ಪಕ್ಕಕ್ಕೆ ತಳ್ಳಿದರು.

ಆಮೇಲೆ ಹುಚ್ಚರಂಗಯ್ಯನ ಪುಸ್ತಕ ತೆರೆದರು. ಸಂಜೆಯ ಸೊನ್ನೆಯ ಮೇಲೆ ಬೆರಳಿಟ್ಟು ತಲೆಯೆತ್ತಿದರು.

"ಹುಚ್ಚರಂಗಯ್ಯನೋರೆ, ನಾನು ಎಷ್ಟೋ ಕಡೆ ನೋಡಿದ್ದೀನಿ. ಮೇಲಿನವರು ಎರಡು ಬರಿ ಅಂದಾಗ ಸೊನ್ನೆ ಬರೆದೋರನ್ನ ನೋಡಿರ್ಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಎರಡು ಅಂತ ಇದೆ. ಅಂದ್ರೆ ಊಟದ ಹೊತ್ತಿಗೆ ಪೆಟ್ಟಿಗೆಯೊಳಗೇ ಇತ್ತು. ನಿಮ್ಮ ಪುಸ್ತಕ ನಂಬ್ತೀನಿ. ಹೆಂಗಸರು ಕೆಲಸಕ್ಕೆ ಹೋಗ್ಲಿ."

ಬಸವರಾಜಪ್ಪ ನಿಟ್ಟುಸಿರು ಬಿಟ್ಟ. ಬಾಗಿಲಾಚೆ ನಿಂತಿದ್ದ ಹೆಂಗಸರು ಸೆರಗು ಕೊಡವಿಕೊಂಡು ಹೊರಟರು.

ಮೂರು ದಿನ ಹಗ್ಗದ ಬಳಿ ಕೂತು ಹುಚ್ಚರಂಗಯ್ಯ ನೆನಪಿಸಿಕೊಳ್ಳಲು ಒದ್ದಾಡಿದ್ದು ಆ ಎರಡನ್ನು ಬರೆದ ಗಳಿಗೆಯನ್ನೇ. ಈರಣ್ಣನ ಊದಿದ ಮುಖ ನೆನಪಿತ್ತು. ತಾನು ಬೈದ ಒಂದೊಂದು ಬೈಗುಳವೂ ನೆನಪಿತ್ತು. ಪೆನ್ನು ನೆನಪಿತ್ತು. ಮುಳ್ಳು ನೆನಪಿರಲಿಲ್ಲ, ಏಕೆಂದರೆ ಅವನು ಮೀಟರನ್ನು ಕೈಗೇ ಎತ್ತಿಕೊಂಡಿರಲಿಲ್ಲ. ನೋಡದೆ ಬರೆದವನನ್ನು ಬೈಯುತ್ತ ಬೈಯುತ್ತ ತಾನೂ ನೋಡದೆ ಬರೆದಿದ್ದ. ಇಷ್ಟು ವರ್ಷದಲ್ಲಿ ಅಲ್ಲಾಡಿಸದೆ ಬುಟ್ಟಿಗೆ ಹಾಕಿದ ಕಾಯಿ ಅದೊಂದೇ. ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಅವನಿಗೆ ಯಾವತ್ತೂ ಬಂದಿರಲಿಲ್ಲ.

"ಅಮ್ಮಾ, ಅವರನ್ನ ಕಳಿಸ್ಬ್ಯಾಡಿ" ಎಂದ. "ಆ ಎರಡು ನಾನು ನೋಡಿ ಬರ್ದಿದ್ದಲ್ಲ."

ಗೋಡೆಗೆ ಒರಗಿದ್ದ ಈರಣ್ಣ ನಿಧಾನವಾಗಿ ಅವನ ಕಡೆ ತಿರುಗಿದ. ಬಸವರಾಜಪ್ಪ, "ನಿಂದೂ ಇಷ್ಟೇನಾ ರಂಗಯ್ಯ? ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ" ಎಂದ.

ಡಾಕ್ಟರಮ್ಮ ಪುಸ್ತಕವನ್ನು ಅವನ ಕಡೆ ತಿರುಗಿಸಿದರು. "ಅಳಿಸ್ಬೇಡಿ. ಅದರ ಮೇಲೆ ಒಂದು ಗೆರೆ ಎಳೀರಿ. ಪಕ್ಕದಲ್ಲಿ ನಡೆದದ್ದನ್ನ ಬರೀರಿ."

ಅವನು ಎರಡರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದು, ರುಜು ಹಾಕಿದ. ರಕ್ತ ಪರೀಕ್ಷೆಗೆಂದು ಡಾಕ್ಟರಮ್ಮ ಹೆಂಗಸರನ್ನು ವಾಪಸ್ಸು ಕರೆಸಿದರು. ಭೂತಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಏನಂತ ಬರುದೆ?"

"ನೋಡಲಿಲ್ಲ ಅಂತ."

ಅವಳು ಹೊರಗಿನ ಬೆಂಚಿನ ಮೇಲೆ ಮಿಕ್ಕ ಹತ್ತು ಹೆಂಗಸರ ಪಕ್ಕ ಕೂತು, ರಕ್ತ ಕೊಡಲು ರವಿಕೆಯ ತೋಳು ಮೇಲೇರಿಸಿದಳು.