ಪೀಟರಣ್ಣನ ಹನ್ನೊಂದು ಪಾತ್ರೆಗಳು

ತಳ ಹಿಡಿದ ಗಂಜಿಯ ವಾಸನೆ ನಿಮಗೆ ಗೊತ್ತಿದ್ದೀತು. ಇವತ್ತು ಬೆಳಿಗ್ಗೆ ಆ ವಾಸನೆಯ ಪಾತ್ರೆಯೊಂದು ಬೋಳಾರದ ನಮ್ಮ ಮನೆಗೆ ಬಂತು. ತಂದವರು ಎದುರುಮನೆಯ ಪೀಟರಣ್ಣ; ಹುಟ್ಟೂರು ಇಂಗ್ಲೆಂಡ್, ವಯಸ್ಸು ಎಪ್ಪತ್ತೆಂಟು. "ಪಾತ್ರೆಗೆ ಅರ್ಜೆಂಟಿಲ್ಲ. ಆದರೆ ನೀವೇ ತಂದು ಕೊಡಬೇಕು," ಎಂದು ಹೇಳಿ ಹೋದರು. ನನ್ನ ಯಜಮಾನರು ತೀರಿಕೊಂಡು ಎರಡು ತಿಂಗಳಾಯಿತು. ಅಂದಿನಿಂದ ನಾನು ಗೇಟು ದಾಟಿಲ್ಲ.

ಪೀಟರಣ್ಣನ ಹೆಂಡತಿ ಲೀನಾ ನಮ್ಮ ಬೀದಿಯಲ್ಲೇ ಹುಟ್ಟಿದವಳು, ನನ್ನ ಓರಗೆಯವಳು. ಇಂಗ್ಲೆಂಡಿನಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ ಗಂಡನನ್ನೂ ಕರೆದುಕೊಂಡು ಊರಿಗೆ ಬಂದಳು. ಮೂರು ವರ್ಷ ಇಬ್ಬರೂ ಜೊತೆಯಾಗಿ ಮೀನು ಕೊಳ್ಳಲು ಹೋದರು. ಅವಳದು ಚೌಕಾಸಿ, ಇವರದು ಚೀಲ ಹಿಡಿಯುವ ಕೆಲಸ. ಆಮೇಲೆ ಅವಳು ತೀರಿಹೋದಳು. ಬೀದಿಯವರೆಲ್ಲ ಊಟ ಕಳಿಸಿದೆವು. ಪಾತ್ರೆಗಳು ವಾಪಸು ಬರಲಿಲ್ಲ, ಬಾಗಿಲೂ ತೆರೆಯಲಿಲ್ಲ.

ಆಗಿನ್ನೂ ನನ್ನ ಯಜಮಾನರಿದ್ದರು. ನಾನು ಪೀಟರಣ್ಣನ ಮನೆಗೆ ಕನಿಕರದಿಂದ ಹೋದೆ ಎಂದರೆ ನೀವು ನಂಬಬೇಡಿ. ಹೋದದ್ದು ಮದುವೆಗೆ ಉಡುಗೊರೆ ಬಂದ, ನನ್ನ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಾಗಿ. ಬಿಡದೆ ಬಡಿದ ಮೇಲೆ ಬಾಗಿಲು ತೆರೆಯಿತು. ಮೇಜಿನ ಮೇಲೆ ಹನ್ನೊಂದು ಪಾತ್ರೆಗಳು ಫಳಫಳ ತೊಳೆದು ಸಾಲಾಗಿದ್ದವು. ಪಕ್ಕದಲ್ಲಿ ತೆರೆದ ಸೂಟ್‌ಕೇಸ್. ಇಂಗ್ಲೆಂಡಿಗೆ, ತಂಗಿಯ ಮನೆಗೆ ಹೊರಟಿದ್ದರಂತೆ.

"ಖಾಲಿ ಪಾತ್ರೆ ಕೊಡಬಾರದು ಅಂತ ಲೀನಾ ಹೇಳ್ತಿದ್ದಳು," ಎಂದರು. "ನನಗೆ ಅಡುಗೆ ಬರುವುದಿಲ್ಲ. ಯಾರ ಎದುರು ಹೇಗೆ ಹೋಗುವುದು?"

ಮಹಾ ಬುದ್ಧಿವಂತೆ ನಾನು, ಅದನ್ನು ಅಹಂಕಾರ ಎಂದುಕೊಂಡಿದ್ದೆ.

"ಒಂದು ಚಮಚ ಸಕ್ಕರೆ ಹಾಕಿದರೆ ಸಾಕು ಮಾರಾಯ್ರೇ. ಅದಕ್ಕೆ ಎಂತ ಅಡುಗೆ?" ಎಂದೆ.

ಹನ್ನೊಂದು ಮನೆ ಸುತ್ತಲು ಅವರಿಗೆ ನಾಲ್ಕು ದಿನ ಹಿಡಿಯಿತು. ಚಹಾ ಕುಡಿಸದೆ ಯಾರೂ ಬಿಡಲಿಲ್ಲ. ಒಂದು ಮನೆಯವರು ಗಂಜಿ ಬೇಯಿಸಲೂ ಕಲಿಸಿದರು, ಸರಿಯಾಗಿ ಕಲಿಸಲಿಲ್ಲ ಎಂಬುದು ಬೇರೆ ಮಾತು. ಸೂಟ್‌ಕೇಸ್ ಅಟ್ಟ ಸೇರಿತು. ಒಂಟಿತನ ಹೋಯಿತು ಎನ್ನಲಾರೆ. ಸಂಜೆ ಅವರು ಜಗಲಿಯಲ್ಲಿ ಎರಡು ಕುರ್ಚಿ ಹಾಕಿ ಒಂದರಲ್ಲಿ ಕೂರುವುದನ್ನು ಇಂದಿಗೂ ಕಿಟಕಿಯಿಂದ ನೋಡುತ್ತೇನೆ.

ಈಗ ನನ್ನ ಮೇಜಿನ ಮೇಲೂ ಬೀದಿಯವರ ಎಂಟು ಪಾತ್ರೆಗಳಿವೆ. ನನಗೆ ಅಡುಗೆ ಬರುತ್ತದೆ, ಡಬ್ಬಿಯಲ್ಲಿ ಸಕ್ಕರೆಯೂ ಇದೆ. ಉಪದೇಶ ಮಾಡಿದವಳೂ ನಾನೇ. ಆದರೂ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಅತ್ತುಬಿಡುತ್ತೇನೆಂಬ ಹೆದರಿಕೆಗೆ ಕಾಲೇ ಏಳುತ್ತಿರಲಿಲ್ಲ.

ಗಂಜಿ ಉಂಡೆ, ಸೀದದ್ದನ್ನೂ ಬಿಡದೆ. ಪಾತ್ರೆ ತೊಳೆದಾಗ ಅಂಚಿನಲ್ಲಿ ಲೀನಾಳ ಹೆಸರು ಕಂಡಿತು. ಸಂಜೆ ಅದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಮುಚ್ಚಳ ಮುಚ್ಚಿದೆ. ಚಪ್ಪಲಿಯೊಳಗೆ ಜೇಡ ಬಲೆ ಕಟ್ಟಿತ್ತು. ಕೊಡವಿ ಮೆಟ್ಟಿಕೊಂಡು ಗೇಟು ತೆರೆದೆ.

ಎದುರುಮನೆಯ ಜಗಲಿಯಲ್ಲಿ ಪೀಟರಣ್ಣ ಎರಡನೆಯ ಕುರ್ಚಿಯನ್ನು ಆಗಲೇ ಒರೆಸಿಟ್ಟಿದ್ದರು.